ಬೆಟ್ಟಕ್ಕೆ ಹೊರಟ ಚೀಲಗಳು

“ಉಲ್ಲನ್ ಸಾಕ್ಸ್ ಮೂರು ಜೊತೆ. ಟಾರ್ಚ್ ಒಂದು. ರೇನ್‌ಕೋಟ್ ಒಂದು.”

ತಾತ ಪಟ್ಟಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದರು. ರೇಡಿಯೊ ಒಂದೊಂದನ್ನೇ ಬೆನ್ನುಚೀಲಕ್ಕೆ ತುರುಕುತ್ತಿದ್ದಳು.

ರೇಡಿಯೊ ಎಂದರೆ ತಾತನ ಮೊಮ್ಮಗಳು. ವಯಸ್ಸು ಹತ್ತು. ಬೆಳಗಿನಿಂದ ಸಂಜೆವರೆಗೆ ಅವಳ ಬಾಯಿಗೆ ಬಿಡುವೇ ಇರಲಿಲ್ಲ. ಅದಕ್ಕೇ ತಾತ ಆ ಹೆಸರಿಟ್ಟಿದ್ದರು. ಇನ್ನು ಹನ್ನೆರಡು ದಿನಕ್ಕೆ ಅವಳು, ಅಮ್ಮ, ತಾತ ಮೂವರೂ ವಿಮಾನ ಹತ್ತಿ ಬೇರೆ ದೇಶಕ್ಕೆ ಹೋಗುವವರಿದ್ದರು. ಅಲ್ಲಿ ಗೈಡ್ ಜೊತೆ ಐದು ದಿನ ಹಿಮದ ಬೆಟ್ಟಗಳಲ್ಲಿ ನಡಿಗೆ. ಮೂವತ್ತೈದು ವರ್ಷ ಪೋಸ್ಟ್‌ಮ್ಯಾನ್ ಆಗಿ ಬೀದಿ ಬೀದಿ ಸುತ್ತಿದ ತಾತನಿಗೆ ಅದೊಂದೇ ಆಸೆ. ಊರವರ ಕಾಗದಕ್ಕೆಲ್ಲ ನಡೆದಾಯಿತು, ಒಂದು ಸಲ ನನಗೋಸ್ಕರ ನಡೆಯಬೇಕು ಎನ್ನುತ್ತಿದ್ದರು.

ಸಾಕ್ಸ್ ಎಣಿಸಿ ರೇಡಿಯೊ ತಲೆ ಎತ್ತಿದಳು. ತಾತನ ಕೈಯಲ್ಲಿ ಪಟ್ಟಿ ತಲೆಕೆಳಗಾಗಿತ್ತು.

ನಿನ್ನೆ ತಾನೇ ಅವಳು ಅದನ್ನು ಅವರಿಗೆ ಓದಿ ಹೇಳಿದ್ದಳು. ತಾತ ಬಾಯಿಪಾಠ ಒಪ್ಪಿಸುತ್ತಿದ್ದರು.

“ತಾತ, ನಿಮಗೆ ಕಣ್ಣು ಕಾಣಲ್ವಾ?”

ತಾತ ಬಾಗಿಲ ಕಡೆ ಕಿವಿಗೊಟ್ಟರು. ಅಡುಗೆಮನೆಯಲ್ಲಿ ಮಿಕ್ಸಿ ಓಡುತ್ತಿತ್ತು. ಆಮೇಲೆ ಮೆಲ್ಲಗೆ ಹೇಳಿದರು. ಎದುರಿಗಿರುವುದು ಮಸುಕು ಮಸುಕು, ಕಾಲ ಹತ್ತಿರದ್ದು ಕಾಣುವುದೇ ಇಲ್ಲ. ಗುಟ್ಟಾಗಿ ಡಾಕ್ಟರ್ ಹತ್ತಿರ ಹೋಗಿ ಬಂದಿದ್ದಾರೆ. ಆಪರೇಷನ್ ಮಾಡಿದರೆ ಸರಿಹೋಗುವಂಥದ್ದಲ್ಲವಂತೆ. ಮುಂದಿನ ವರ್ಷದ ಹೊತ್ತಿಗೆ ಇಷ್ಟೂ ಇರುವುದಿಲ್ಲವಂತೆ.

“ಅಮ್ಮನಿಗೆ ಹೇಳ್ಬೇಡ ಕಂದ. ಆ ಬೆಟ್ಟ ಒಂದ್ಸಲ ಕಣ್ಣಿಗೆ ಬಿದ್ದುಬಿಡ್ಲಿ. ಆಮೇಲೆ ಕತ್ತಲಾದ್ರೆ ಆಗ್ಲಿ.”

ರೇಡಿಯೊ ಒಪ್ಪಿದಳು. ಹೊಟ್ಟೆಯಲ್ಲಿ ಮಾತು ಇಟ್ಟುಕೊಂಡು ಅಭ್ಯಾಸವಿಲ್ಲದವಳು ಅಂದು ಊಟವಾದ ಕೂಡಲೇ ಅಮ್ಮನಿಂದ ತಪ್ಪಿಸಿಕೊಂಡು ಹೋಗಿ ಮಲಗಿಬಿಟ್ಟಳು.

ತುಂಬಿದ ಚೀಲ ಹೊತ್ತು ದಿನಾ ಮೆಟ್ಟಿಲು ಹತ್ತಿ ಇಳಿಯಿರಿ ಎಂದು ಗೈಡ್ ಬರೆದಿದ್ದ. ಅವರ ಮನೆ ನಾಲ್ಕನೇ ಮಹಡಿಯಲ್ಲಿತ್ತು. ರೇಡಿಯೊ ಸ್ಕೂಲಿನಿಂದ ಬಂದ ಕೂಡಲೇ ಇಬ್ಬರೂ ಚೀಲ ಬೆನ್ನಿಗೇರಿಸುತ್ತಿದ್ದರು. ಅವಳು ಪಕ್ಕದಲ್ಲೇ ಇದ್ದು “ಮೆಟ್ಟಿಲು, ಮೆಟ್ಟಿಲು, ತಿರುವು” ಎಂದು ಪಿಸುಗುಟ್ಟುವಳು. ಯಾರಾದರೂ ಎದುರಾದರೆ ಅದನ್ನೇ ಹಾಡು ಮಾಡಿಬಿಡುವಳು. ನೀನಿರುವಾಗ ಆ ಗೈಡ್ ಯಾಕೆ ದಂಡಕ್ಕೆ ಎಂದು ತಾತ ನಗುತ್ತಿದ್ದರು.

ಐದನೇ ದಿನ ಇಳಿಯುವಾಗ ಎರಡನೇ ಮಹಡಿಯ ಹತ್ತಿರ ಅವಳಿಗೆ ಕೆಮ್ಮು ಬಂತು. ಒಂದೇ ಒಂದು ಕೆಮ್ಮು. ಅಷ್ಟರಲ್ಲಿ ತಾತ, ಇಲ್ಲದ ನೆಲದ ಮೇಲೆ ಕಾಲಿಟ್ಟಿದ್ದರು. ಚೀಲದ ಭಾರಕ್ಕೆ ಮುಗ್ಗರಿಸಿ ಆರು ಮೆಟ್ಟಿಲು ಉರುಳಿದರು.

ಹಣೆ ಒಡೆಯಿತು. ಮಣಿಕಟ್ಟು ಊದಿಕೊಂಡಿತು. ಓಡಿ ಬಂದ ಅಮ್ಮನಿಗೆ, ಶೂ ಲೇಸ್ ಬಿಚ್ಚಿಕೊಂಡಿತ್ತು ಎಂದರು ತಾತ. ಅಮ್ಮ ನಂಬಿದಳು. ಅಮ್ಮ ನಂಬಿಬಿಟ್ಟಳಲ್ಲ ಎಂದೇ ರೇಡಿಯೊಗೆ ಹೆದರಿಕೆಯಾಯಿತು. ಗೈಡ್ ಕಳಿಸಿದ್ದ ಫೋಟೊದಲ್ಲಿ ಬೆಟ್ಟದ ದಾರಿ ಒಬ್ಬರು ಹೋಗುವಷ್ಟೇ ಅಗಲವಿತ್ತು. ಪಕ್ಕದಲ್ಲಿ ಗೋಡೆಯೂ ಇರಲಿಲ್ಲ, ಕಂಬಿಯೂ ಇರಲಿಲ್ಲ.

“ಅಮ್ಮಾ, ತಾತನ ಲೇಸ್ ಬಿಚ್ಚಿರ್ಲಿಲ್ಲ,” ಎಂದಳು. ಮಿಕ್ಕಿದ್ದನ್ನೆಲ್ಲ ಅಳುತ್ತಲೇ ಹೇಳಿದಳು.

ತಾತ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ, “ನೀನೂ ಕೈ ಬಿಟ್ಟೆಯಲ್ಲ” ಎಂದಷ್ಟೇ ಹೇಳಿದರು.

ಅಮ್ಮ ಗೈಡ್‌ಗೆ ಫೋನ್ ಮಾಡಿದಳು. ಬೇರೆ ಸುಲಭದ ದಾರಿ ಇದೆಯಾ ಎಂದು ಮೂರು ಸಲ ಕೇಳಿದಳು. ಮೂರು ಸಲವೂ ಇಲ್ಲ ಎಂದ. ನೀವಿಬ್ಬರೇ ಬನ್ನಿ ಎಂದ. ಅಮ್ಮ ಬೇಡವೆಂದು ಫೋನ್ ಇಟ್ಟಳು.

ಚೀಲಗಳು ಖಾಲಿಯಾಗಿ ಅಟ್ಟ ಸೇರಿದವು. ತಾತ ಊಟಕ್ಕೆ ಬಂದು ಕೂರುತ್ತಿದ್ದರು, ಉಂಡು ಎದ್ದು ಹೋಗುತ್ತಿದ್ದರು. ರೇಡಿಯೊ ಸಾರಿ ಎಂದರೆ ಮುಖ ತಿರುಗಿಸುತ್ತಿದ್ದರು. ಅವಳ ಮಾತೂ ನಿಂತೇಹೋಯಿತು. ಹುಷಾರಿಲ್ಲವಾ ಎಂದು ಟೀಚರ್ ಕೇಳಿದರೂ ಸುಮ್ಮನೆ ತಲೆಯಾಡಿಸಿದಳು.

ವಿಮಾನ ಹೊರಡಬೇಕಿದ್ದ ದಿನದ ಸಂಜೆ ಅವಳು ತಾತನ ರೂಮಿನ ಬಾಗಿಲಿಗೆ ಹೋದಳು. ತಾತ ಲೈಟ್ ಹಾಕಿರಲಿಲ್ಲ. ಕಿಟಕಿಗೆ ಮುಖ ಮಾಡಿ ಮಂಚದ ಮೇಲೆ ಕೂತಿದ್ದರು.

“ಯಾರದು?” ಎಂದರು.

ಇಷ್ಟು ದಿನ ತಾತ ಹಾಗೆ ಕೇಳಿದ್ದೇ ಇಲ್ಲ. ಹೆಜ್ಜೆ ಸದ್ದಿನಿಂದಲೇ ಗುರುತು ಹಿಡಿದು, ಕಣ್ಣಾರೆ ಕಂಡವರಂತೆ ಕರೆಯುತ್ತಿದ್ದರು. ಇವತ್ತು ಕಂಡಂತೆ ನಟಿಸಲಿಲ್ಲ.

“ನಾನು, ತಾತ.”

ಅವರು ಬಾ ಎನ್ನಲಿಲ್ಲ. ಹೋಗು ಎಂದೂ ಅನ್ನಲಿಲ್ಲ. ರೇಡಿಯೊ ಹೋಗಿ ಪಕ್ಕದಲ್ಲಿ ಕೂತಳು. ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಒಂದೂ ಈಗ ಬೇಕೆನಿಸಲಿಲ್ಲ. ಕಿಟಕಿಯಾಚೆಯ ಬೆಳಕು ಪೂರ್ತಿ ಹೋಗುವವರೆಗೂ ಇಬ್ಬರೂ ಹಾಗೇ ಕೂತಿದ್ದರು.