ಮುಖ ಬೇಡವೆಂದಿದ್ದ ಫ್ಲೆಕ್ಸು

ಬಸ್ಸಿನಿಂದ ಇಳಿದ ಸಹನ ತಲೆ ಎತ್ತಿ ನೋಡಿದಳು. ಪಾಂಡವಪುರ ಬಸ್ ನಿಲ್ದಾಣದ ಎದುರು, ಎರಡು ಗಳಗಳ ನಡುವೆ, ಅವಳೇ ನಗುತ್ತಿದ್ದಳು!

ಹತ್ತಡಿ ಎತ್ತರದ ಫ್ಲೆಕ್ಸು. ಫೋಟೊಗೆ ಗುಲಾಬಿ ಹಾರ, ಎರಡು ಬದಿಗೆ ಉರಿಯುವ ದೀಪ. ಮೇಲೆ ದಪ್ಪಕ್ಷರದಲ್ಲಿ ‘ಕಣ್ಣೀರಿನ ಶ್ರದ್ಧಾಂಜಲಿ’.

ಕೆಳಗೆ ಇನ್ನೊಂದು ಸಾಲು. ‘ಹುಟ್ಟಿದ್ದು ಶುಕ್ರವಾರ. ಸತ್ತದ್ದು ಶುಕ್ರವಾರ. ಮತ್ತೆ ಬರುವುದೂ ಶುಕ್ರವಾರ...’

‘ನಾನು... ಸತ್ತೆನಾ? ಯಾವಾಗ?’

ನಗಬೇಡಿ. ಬೆಳಗ್ಗೆ ಎಂಟೂವರೆಗೆ, ಖಾಲಿ ಹೊಟ್ಟೆಯಲ್ಲಿ ತನ್ನ ಶ್ರದ್ಧಾಂಜಲಿಯನ್ನು ತಾನೇ ಓದಿದವರಿಗಷ್ಟೇ ಗೊತ್ತು ಆ ಸಂಕಟ. ಸಹನ ತನ್ನ ತೋಳನ್ನು ಚಿವುಟಿಕೊಂಡಳು. ಚೆನ್ನಾಗಿಯೇ ನೋವಾಯಿತು. ಸದ್ಯ!

ಏಣಿಯ ಮೇಲೆ ಒಬ್ಬ ಯುವಕ ಕೊನೆಯ ಹಗ್ಗ ಕಟ್ಟುತ್ತಿದ್ದ. ಕಿವಿಗೂ ಭುಜಕ್ಕೂ ನಡುವೆ ಫೋನು ಸಿಕ್ಕಿಸಿಕೊಂಡು ಕೂಗಾಡುತ್ತಿದ್ದ.

“ಲೇ ನಿಂಗರಾಜು, ಮುಖ ಬ್ಯಾಡ ಅಂದಿರ್ನಿಲ್ವೇನ್ಲಾ? ಆ ಜಾಗ ಕಪ್ಪಗೆ ಬುಟ್ಬುಡು ಅಂದಿದ್ದೆ! ಯಾರ್ದ್ಲಾ ಈ ಫೋಟೊ?”

“ನಂದು!” ಎಂದಳು ಸಹನ ಕೆಳಗಿನಿಂದ.

ಅವನು ತಿರುಗಿದ. ಫ್ಲೆಕ್ಸಿನ ಮುಖ ನೋಡಿದ. ಕೆಳಗಿದ್ದ ಮುಖ ನೋಡಿದ. ಮತ್ತೆ ಫ್ಲೆಕ್ಸಿನದು...

“ಅವ್ವಾ!!”

ಮೊದಲು ಫೋನು ಬಿತ್ತು. ಹಿಂದೆಯೇ ಅವನು, ಸೊಪ್ಪು ಮಾರುವವಳ ಮೂಟೆಯ ಮೇಲೆ.

ಹೀಗೆ ಕಿರುಚಿ ಬಿದ್ದವನ ಕೆಲಸವೇನು ಗೊತ್ತೇ? ಜನರನ್ನು ಹೆದರಿಸುವುದು! ಹೆಸರು ದಿಲೀಪ, ಊರು ಬೆಳಗೊಳ. ಹೊಸದೊಂದು ದೆವ್ವದ ಸಿನಿಮಾಕ್ಕೆ ನಾಲ್ಕು ತಾಲ್ಲೂಕಿನ ಪ್ರಚಾರ ಅವನದೇ. ಈ ಶ್ರದ್ಧಾಂಜಲಿಯೂ ಅದರದೇ ಜಾಹೀರಾತು.

“ಮೇಡಂ... ನೀವು... ನಿಜವಾದೋರಾ?”

“ಮುಟ್ಟಿ ನೋಡಿ ಬೇಕಾದ್ರೆ! ನನ್ನ ಕೊಂದಿದ್ದು ಯಾರು ಅಂತ ಮೊದ್ಲು ಹೇಳಿ.”

ಕೊಂದವನು ನೆಲದ ಮೇಲೆ ಬಿದ್ದಿದ್ದ ಫೋನಿನೊಳಗೇ ಇದ್ದ. ಕೆ.ಆರ್. ಪೇಟೆಯಲ್ಲಿ ಫ್ಲೆಕ್ಸು ಮಾಡುವ ನಿಂಗರಾಜು.

“ಮುಖ ಇಲ್ದಿರಾ ಫ್ಲೆಕ್ಸ ಯಾವನ್ಲಾ ನೋಡ್ತಾನೆ?” ಅವನ ದನಿ ಸ್ಪೀಕರಿನಲ್ಲಿ ಗೊರಗೊರ ಕೇಳಿತು. “ಇಪ್ಪತ್ತು ವರ್ಷದಿಂದ ಅಂಗ್ಡಿ ಮಡಗಿವ್ನಿ, ಮುಖ ಇಲ್ದೆ ಒಂದೂ ಕಳ್ಸಿಲ್ಲ. ಕಂಪ್ಯೂಟರಲ್ಲಿ ಲಕ್ಷಣವಾಗಿರಾ ಮುಖ ಒಂದಿತ್ತು, ಆಕ್ದೆ!”

ಅವನ ಮಾತಿನಲ್ಲಿ ಸುಳ್ಳೇನಿಲ್ಲ ಬಿಡಿ. ಈ ಕಡೆ ಹುಟ್ಟುಹಬ್ಬಕ್ಕೆ ಫ್ಲೆಕ್ಸು, ಚುನಾವಣೆಗೆ ಫ್ಲೆಕ್ಸು, ಎತ್ತು ಓಟ ಗೆದ್ದರೂ ಫ್ಲೆಕ್ಸು. ಕೆಳಗೆ ಶುಭ ಕೋರುವವರದೇ ಇಪ್ಪತ್ತು ಮುಖ. ಎರಡು ವರ್ಷದ ಹಿಂದೆ ಸಹನ ಎಂ.ಎ. ಪತ್ರಿಕೋದ್ಯಮದಲ್ಲಿ ರ‍್ಯಾಂಕ್ ಬಂದಾಗ ದೇವಲಾಪುರದ ಹುಡುಗರು ಅಭಿನಂದನೆಯ ಫ್ಲೆಕ್ಸು ಮಾಡಿಸಿದ್ದು ಅದೇ ಅಂಗಡಿಯಲ್ಲಿ. ಆ ಫೋಟೊ ಅಲ್ಲೇ ಉಳಿದಿತ್ತು.

“ಕಾಣ್ದೇ ಇರಾದಕ್ಕೇ ಜನ ಜಾಸ್ತಿ ಎದ್ರಾದು ಮೇಡಂ. ಅದಕ್ಕೇ ಮುಖ ಬ್ಯಾಡ ಅಂದಿದ್ದೆ...” ದಿಲೀಪ ಕೈಮುಗಿದ.

‘ಅರೆ, ಇದು ನಾನು ಪಾಠದಲ್ಲಿ ಹೇಳುವ ಮಾತಲ್ಲವೇ!’ ಇಲ್ಲಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿ ಮಾಧ್ಯಮ ಪಾಠ ಮಾಡುವವಳು ಸಹನ. ಸಿಟ್ಟಿನ ನಡುವೆಯೂ ಅವಳಿಗೆ ವಿಚಿತ್ರವೆನಿಸಿತು.

ಅಷ್ಟರಲ್ಲಿ ಪಕ್ಕದ ಮನೆ ಜಯಲಕ್ಷ್ಮಮ್ಮನ ಫೋನು. “ಸಹನಾ? ನೀನೇನವ್ವಾ ಮಾತಾಡ್ತಿರಾದು? ಫೋಟೊ ವಾಟ್ಸಾಪಲ್ಲಿ ಬಂದ್ಬುಡ್ತು... ನಿಮ್ಮವ್ವ ಫೋನ್ ಎಸೆದ್ಬುಟ್ಟು ಕುಂತವ್ಳೆ, ಯಾರ್ ಏಳಿದ್ರೂ ಕೇಳ್ತಿಲ್ಲ!”

ಅಪ್ಪ ಹೋದ ಮೇಲೆ ಆ ಮನೆಯಲ್ಲಿ ಇದ್ದವರು ಅವ್ವ, ಮಗಳು ಇಬ್ಬರೇ.

“ಕುಂತ್ಕಳಿ ಮೇಡಂ!” ದಿಲೀಪ ಬೈಕು ಸ್ಟಾರ್ಟ್ ಮಾಡಿ ಪಕ್ಕದಲ್ಲಿ ನಿಂತಿದ್ದ. ಮೊಣಕೈಯಿಂದ ರಕ್ತ ಸೋರುತ್ತಿತ್ತು.

ದೇವಲಾಪುರದವರೆಗೂ ಅವಳು ಅವನ ಅಂಗಿಯನ್ನು ಮುಷ್ಟಿಯಲ್ಲಿ ಹಿಡಿದೇ ಕೂತಿದ್ದಳು. ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ದಾರಿಯುದ್ದಕ್ಕೂ ಅವನು ಹೇಳಿದ್ದು ಒಂದೇ ಮಾತು. “ಅವ್ವಂಗೆ ಏನೂ ಆಗಾಕಿಲ್ಲ. ನಾ ಇವ್ನಿ, ಎದ್ರಬ್ಯಾಡಿ...”

ಮನೆಯ ಮುಂದೆ ಆಗಲೇ ಜನ ಸೇರಿದ್ದರು. ಹಾರ ತಂದವರೂ ಇದ್ದರು! ಯಶೋದಮ್ಮ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ನೋಡಿದರು, ಮುಟ್ಟಿದರು, ಕೆನ್ನೆಗೊಂದು ಬಿಟ್ಟರು, ಆಮೇಲೆ ಅಪ್ಪಿಕೊಂಡು ಅತ್ತರು.

ದಿಲೀಪ ಓಡಿಹೋಗಲಿಲ್ಲ. ಎಲ್ಲರೆದುರು ಆಕೆಯ ಕಾಲಿಗೆ ಬಿದ್ದ. “ತಪ್ಪು ನಂದೇ ಕಣವ್ವ.”

ಯಶೋದಮ್ಮ ಬೈದರು. ಬಾಯಿಗೆ ಬಂದದ್ದೆಲ್ಲ ಬೈದರು. ಕೊನೆಗೆ ಅವನ ಮೊಣಕೈ ಕಂಡು, “ಅರಿಸಿನ ತತ್ತಾ ಸಹನಾ, ಈ ಮುಂಡೇದು ರಕ್ತ ಸುರುಸ್ಕೊಂಡು ನಿಂತದೆ” ಎಂದರು.

ಅರಿಸಿನ ಹಚ್ಚುವಾಗ ಸಹನ ತಲೆ ಎತ್ತಲಿಲ್ಲ. ಎತ್ತಿದ್ದರೆ, ಅವನು ತನ್ನನ್ನೇ ನೋಡುತ್ತಿದ್ದುದು ಕಾಣುತ್ತಿತ್ತು.

ಮುಂದಿನ ವಾರ ದಿಲೀಪ ಕಾಲೇಜಿಗೆ ಬಂದ. ತಪ್ಪಿಗೆ ದಂಡವಾಗಿ ಸಹನ ವಿಧಿಸಿದ್ದು ಅದನ್ನೇ. ಹಾರರ್ ಸಿನಿಮಾದ ಪ್ರಚಾರದ ಬಗ್ಗೆ ಮಕ್ಕಳಿಗೆ ಒಂದು ಗಂಟೆ ಮಾತಾಡಬೇಕು!

ಥಿಯೇಟರಿನ ಮುಂದೆ ಸುಮ್ಮನೆ ಆಂಬುಲೆನ್ಸು ನಿಲ್ಲಿಸುವುದು, ‘ಎದೆ ಗಟ್ಟಿ ಇಲ್ಲದವರು ಬರಬೇಡಿ’ ಎಂದು ಬೋರ್ಡು ಹಾಕುವುದು, ಖಾಲಿ ಕುರ್ಚಿಯೊಂದಕ್ಕೆ ‘ಇಲ್ಲಿ ಕೂರಬಾರದು’ ಎಂದು ಚೀಟಿ ಅಂಟಿಸುವುದು... ಅವನು ಗುಟ್ಟುಗಳನ್ನೆಲ್ಲ ಬಿಚ್ಚಿಟ್ಟ. ಮಕ್ಕಳು ಬಿದ್ದು ಬಿದ್ದು ನಕ್ಕರು.

ಆಮೇಲೆ ಸಹನ ಎದ್ದು ನಿಂತಳು. “ನೋಡಿದ್ರಾ? ಹಾರರ್ ಸಿನಿಮಾ ಥಿಯೇಟರಿನಲ್ಲಿ ಶುರುವಾಗೋದಿಲ್ಲ, ಪೋಸ್ಟರಿನಲ್ಲೇ ಶುರುವಾಗುತ್ತೆ. ಇನ್ನೊಂದು ಯೋಚನೆ ಮಾಡಿ. ದೆವ್ವ ಯಾಕೆ ಯಾವಾಗಲೂ ಹೆಣ್ಣೇ? ಬದುಕಿದ್ದಾಗ ಅವಳನ್ನ ಯಾರೂ ಏನೂ ಕೇಳಲಿಲ್ಲ. ಸತ್ತ ಮೇಲೆ ಕಿರುಚಿದರೆ ಊರೆಲ್ಲ ಕೇಳಿಸಿಕೊಳ್ಳುತ್ತೆ!”

ಹಿಂದಿನ ಬೆಂಚಿನಲ್ಲಿ ಕೂತಿದ್ದ ದಿಲೀಪ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳುತ್ತಿದ್ದ. ಅವಳು ಬೇಡ ಅನ್ನಲಿಲ್ಲ. ‘ಇವನಿಗೆ ನನ್ನ ಪಾಠ ಅಷ್ಟು ಇಷ್ಟವಾಯಿತಾ?’ ಎಂದು ಖುಷಿಯೇ ಆಯಿತು.

ಆಮೇಲೆ ನೆಪಗಳು ತಾವಾಗಿಯೇ ಹುಟ್ಟಿಕೊಂಡವು. ಪೋಸ್ಟರಿನ ಸಾಲು ಸರಿಯಿದೆಯೇ ಅಂತ ಕೇಳಲು ಅವನು ಬರುವುದು, ಪುಸ್ತಕ ಕೊಡಲು ಇವಳು ಕಾಯುವುದು. ಕ್ಯಾಂಟೀನಿನ ಚಹಾ ಆರಿಹೋಗುವುದು...

ಒಂದು ದಿನ ಅವನೇ ಕೇಳಿದ. “ಉಡುಗ್ರು ಉಡುಗೀರ್ನ ದೆವ್ವದ ಪಿಕ್ಚರಿಗೇ ಯಾಕ್ ಕರ್ಕೊಂಡೋಯ್ತಾರೆ ಮೇಡಂ?”

“ಅದಕ್ಕೂ ಒಂದು ಸಿದ್ಧಾಂತ ಇದೆ” ಎಂದು ಸಹನ ನಕ್ಕಳು. “ಭಯ ಆದಾಗ ಎದೆ ಬಡ್ಕೊಳ್ಳುತ್ತೆ. ಪ್ರೀತಿ ಆದಾಗಲೂ ಹಾಗೇ ಬಡ್ಕೊಳ್ಳುತ್ತೆ. ಮನಸ್ಸಿಗೆ ವ್ಯತ್ಯಾಸ ಗೊತ್ತಾಗಲ್ಲ. ಹೆದರಿದಾಗ ಪಕ್ಕದಲ್ಲಿ ಯಾರಿದ್ರೋ ಅವರ ಮೇಲೆ ಪ್ರೀತಿ ಅಂತ ತಪ್ಪು ತಿಳ್ಕೊಂಡ್ಬಿಡುತ್ತೆ.”

ಹೇಳಿ ಮುಗಿಸಿದ್ದೇ ತಡ, ಅವಳ ನಗು ಅಲ್ಲೇ ನಿಂತುಹೋಯಿತು.

ಬೈಕು... ಮುಷ್ಟಿಯಲ್ಲಿ ಹಿಡಿದ ಅಂಗಿ... ಡವಡವ ಎದೆ...

‘ಹಾಗಾದರೆ ನನಗೆ ಆಗಿರುವುದು ಏನು? ಪ್ರೀತಿಯಾ? ಭಯವಾ?’

ಪಾಠ ಹೇಳುವವಳೇ ಪಾಠದೊಳಗೆ ಸಿಕ್ಕಿಕೊಂಡಿದ್ದಳು. ಅವತ್ತಿನಿಂದ ಅವಳಿಗೆ ತನ್ನ ಎದೆಯ ಮೇಲೆ ನಂಬಿಕೆಯೇ ಹೋಯಿತು. ಅವನು ಕಂಡರೆ ಖುಷಿ, ಖುಷಿಯಾದರೆ ಅನುಮಾನ, ಅನುಮಾನ ಬಂದರೆ ಅಳು. ಯಾರ ಹತ್ತಿರ ಹೇಳಿಕೊಳ್ಳುವುದು?

ಗಾಯದ ಮೇಲೆ ಬರೆ ಎಳೆದಂತೆ ಬಂತು ಆ ರೀಲ್ಸು.

‘ಸತ್ತವಳ ಪಾಠ!’ ಮೊದಲು ಆ ಶ್ರದ್ಧಾಂಜಲಿಯ ಫ್ಲೆಕ್ಸು, ಆಮೇಲೆ ತರಗತಿಯಲ್ಲಿ ನಿಂತ ಸಹನ, ಅವಳದೇ ದನಿ. ‘ಸತ್ತ ಮೇಲೆ ಕಿರುಚಿದರೆ ಊರೆಲ್ಲ ಕೇಳಿಸಿಕೊಳ್ಳುತ್ತೆ...’ ಕೊನೆಯಲ್ಲಿ ಸಿನಿಮಾದ ಹೆಸರು, ಬಿಡುಗಡೆಯ ದಿನಾಂಕ. ಎರಡೇ ದಿನಕ್ಕೆ ಆರು ಲಕ್ಷ ಜನ ನೋಡಿದ್ದರು. ಪ್ರಾಂಶುಪಾಲರು ಕರೆದು ಲಿಖಿತ ಉತ್ತರ ಕೇಳಿದರು.

ಸಹನ ಕೂಡಲೇ ದಿಲೀಪನಿಗೆ ಫೋನು ಮಾಡಿದಳು.

“ಆ ವಿಡಿಯೋ ಮಾಡಿದ್ದು ನೀವಲ್ವಾ?”

“ಮೇಡಂ, ಮಾಡಿದ್ದು ನಾನೇ... ಆದ್ರೆ...”

“ಒಂದ್ಸಲ ನನ್ನ ಮುಖ ತಗೊಂಡ್ರಿ, ಗೊತ್ತಿಲ್ದೆ ಆಯ್ತು ಅಂದ್ರಿ, ನಂಬ್ದೆ. ಈಗ ದನೀನೂ ತಗೊಂಡ್ರಿ! ಕಾಲೇಜಿಗೆ ಬಂದಿದ್ದು, ಚಹಾ ಕುಡಿದಿದ್ದು, ಎಲ್ಲಾ ಪ್ರಚಾರಕ್ಕೇ ಅಲ್ವಾ? ನನ್ನ ಒಂದ್ ಮಾತು ಕೇಳಿದ್ರಾ ನೀವು? ಒಂದ್ ಮಾತು!”

“ಕೇಳ್ನಿಲ್ಲ” ಎಂದ ಅವನು.

ಸಹನ ಅವನ ನಂಬರನ್ನು ಬ್ಲಾಕ್ ಮಾಡಿದಳು.

ಅಲ್ಲಿಗೆ ಮುಗಿಯಬೇಕಿತ್ತು. ಭಯದ ಕಾವು ನಿಮಿಷಗಳಲ್ಲಿ ಇಳಿದುಹೋಗುತ್ತದೆ ಎಂದೇ ಪುಸ್ತಕದಲ್ಲಿತ್ತು. ಒಂದು ವಾರವಾಯಿತು, ಎರಡಾಯಿತು, ಹತ್ತೊಂಬತ್ತು ದಿನಗಳಾದವು. ಕಾಲೇಜಿನ ಗೇಟಿನಲ್ಲಿ ಬೈಕಿನ ಸದ್ದಾದರೆ ಈಗಲೂ ಎದೆ ಧಸಕ್ಕೆನ್ನುತ್ತಿತ್ತು.

‘ಇದು ಸಿಟ್ಟಿರಬೇಕು. ಹೌದು, ಸಿಟ್ಟೇ. ಆದರೆ ಸಿಟ್ಟಿಗೆ ಯಾರಾದರೂ ಅಳುತ್ತಾರಾ?’

ಇಪ್ಪತ್ತನೇ ದಿನ ಕಾಲೇಜಿನ ವಾರ್ಷಿಕೋತ್ಸವದ ಫ್ಲೆಕ್ಸು ಹೊತ್ತು ನಿಂಗರಾಜು ಬಂದ. ಸಹನಳನ್ನು ಕಂಡು ತಲೆ ಕೆರೆದುಕೊಂಡ.

“ಮೇಡಂ, ಎಲ್ಲಾ ನನ್ನಿಂದ ಸುರುವಾಗಿದ್ದು. ಆ ರೀಲ್ಸು ಈಗಿಲ್ಲ, ನೋಡಿದ್ರಾ?”

ನೋಡಿದ್ದಳು. ನಾಲ್ಕನೇ ದಿನವೇ ಅದು ಕಾಣೆಯಾಗಿತ್ತು. ಪ್ರಾಂಶುಪಾಲರೇ ತೆಗೆಸಿರಬೇಕು ಎಂದುಕೊಂಡಿದ್ದಳು.

“ತೆಗೆಸಿದ್ದು ದಿಲೀಪ. ಪಾಠ ಎಂಗದೆ ನೋಡಿ ಅಂತ ಜಂಬಕ್ಕೆ ಅವ್ನ ಪಿಕ್ಚರ್ ಕಂಪ್ನಿ ಸಾಹೇಬ್ರಿಗೆ ಕಳ್ಸಿದ್ನಂತೆ. ಅವ್ರು ಕತ್ತರ್ಸಿ ಬುಟ್ಬುಟ್ಟವ್ರೆ. ಇವ್ನು ಓಗಿ ಜಗಳ ಆಡ್ದ. ಪೊಲೀಸ್ ಕಂಪ್ಲೇಂಟು ಕೊಡ್ತೀನಿ ಅಂದ. ಅವ್ರು ರೀಲ್ಸ್ ತೆಗುದ್ರು, ಇವ್ನನ್ನೂ ತೆಗುದ್ರು.”

“ನನಗ್ಯಾಕೆ ಹೇಳ್ಲಿಲ್ಲ?” ಎಂದಳು ಸಹನ.

“ನಾನೂ ಅದನ್ನೇ ಕೇಳ್ದೆ. ‘ಏಳುದ್ರೆ ಇದೂ ಒಂದು ಪಬ್ಲಿಸಿಟಿ ಅನ್ಕತಾರೆ ಬುಡ್ಲಾ’ ಅಂದ. ಈಗ ಬೆಳಗೊಳದಲ್ಲಿ ಎಮ್ಮೆ ಕಟ್ಕೊಂಡು ಡೇರಿಗೆ ಆಲು ಆಕ್ತಾವ್ನೆ.”

ಸಹನಳಿಗೆ ಈಗಲೇ ಓಡಬೇಕೆನಿಸಿತು. ಮರುಕ್ಷಣ ಕಾಲು ತಡೆಯಿತು. ‘ಇದು ಕೃತಜ್ಞತೆಯಾದರೆ? ಮರುಕವಾದರೆ? ಅಯ್ಯೋ ದೇವರೇ, ಯಾವುದು ಯಾವುದು ಅಂತ ಹೇಗೆ ತಿಳಿಯಲಿ...’

ಅಂದು ಸಂಜೆವರೆಗೂ ಯೋಚಿಸಿ ಒಂದು ಉಪಾಯ ಹೂಡಿದಳು. ಪ್ರಯೋಗ! ದೆವ್ವವಿಲ್ಲದ, ಬೈಕಿಲ್ಲದ, ಎದೆ ಬಡಿಯಲು ಯಾವ ಕಾರಣವೂ ಇಲ್ಲದ ಜಾಗದಲ್ಲಿ ಅವನನ್ನು ನೋಡಬೇಕು. ಇಡೀ ಮಂಡ್ಯ ಜಿಲ್ಲೆಯಲ್ಲಿ ಹಾಲಿನ ಡೇರಿಗಿಂತ ಸಪ್ಪೆ ಜಾಗ ಇನ್ನಾವುದು?

ಭಾನುವಾರ ಸಂಜೆ ಐದಕ್ಕೆ ಬೆಳಗೊಳದ ಡೇರಿಯ ಸಾಲಿನಲ್ಲಿ, ಕ್ಯಾನು ಹಿಡಿದ ಹೆಂಗಸರ ನಡುವೆ, ಬರಿಗೈಯಲ್ಲಿ ಸಹನ ನಿಂತಿದ್ದಳು. ಮೊದಲು ಹತ್ತು ನಿಮಿಷ ದಣಿವಾರಿಸಿಕೊಂಡಳು. ಬಸ್ಸಿಳಿದು ನಡೆದದ್ದರ ನೆಪವೂ ಇರಬಾರದಲ್ಲ!

ಅಷ್ಟರಲ್ಲಿ ದಿಲೀಪ ಬಂದ. ಲುಂಗಿ, ಮಾಸಿದ ಬನಿಯನ್ನು, ಕೈಯಲ್ಲಿ ಕ್ಯಾನು. ಇವಳನ್ನು ಕಂಡು ನಿಂತಲ್ಲೇ ನಿಂತ.

“ಮೇಡಂ... ನೀವು... ಇಲ್ಲಿ?”

“ಶ್! ಮಾತಾಡ್ಬೇಡಿ.” ಸಹನ ಎಡ ಮುಂಗೈಯ ಮೇಲೆ ಬಲಗೈ ಬೆರಳಿಟ್ಟು ಗಡಿಯಾರ ನೋಡುತ್ತಿದ್ದಳು.

“ಏನ್ಮಾಡ್ತಿದ್ದೀರಾ?”

“ನಾಡಿ ಎಣಿಸ್ತಿದ್ದೀನಿ. ತಪ್ಪಿಹೋಯ್ತು ನೋಡಿ!”

ಮತ್ತೆ ಮೊದಲಿನಿಂದ ಎಣಿಸಿದಳು. ಸುತ್ತ ಹಾಲಿನ ವಾಸನೆ, ಒಬ್ಬಳ ಸೊಸೆಯ ದೂರು, ಇನ್ನೊಬ್ಬಳ ಆಕಳಿಕೆ. ಹೆದರಲು ಒಂದೇ ಒಂದು ಕಾರಣವಿರಲಿಲ್ಲ. ಆದರೂ ಬೆರಳಿನ ಕೆಳಗೆ ನಾಡಿ ಕುಣಿಯುತ್ತಿತ್ತು!

“ಯಾರವ್ವಾ ನೀನು?” ಹಾಲು ಅಳೆಯುತ್ತಿದ್ದ ಸೋಮಯ್ಯ ತಲೆ ಎತ್ತಿದ. “ಆಲು ತಂದಿಲ್ಲ, ಸಾಲಲ್ಲಿ ಯಾಕ್ ನಿಂತಿದ್ದೀಯೆ?”

“ಗೊತ್ತಿಲ್ಲ ಅಣ್ಣ...” ಎಂದಳು ಸಹನ. ನಿಜವನ್ನೇ ಹೇಳಿದ್ದಳು. ಕಣ್ಣು ತುಂಬಿ ಬಂದಿತ್ತು.

ದಿಲೀಪ ಕ್ಯಾನನ್ನು ಅಲ್ಲೇ ಇಟ್ಟು, ಅವಳನ್ನು ಡೇರಿಯ ಪಕ್ಕದ ಹುಣಸೆಮರದ ಕೆಳಗೆ ಕರೆದುಕೊಂಡು ಹೋದ.

“ನೀವ್ ಬೈಯಾಕೆ ಬಂದಿದ್ರೆ ಬೈದ್ಬುಡಿ ಮೇಡಂ. ಕೇಳ್ದೆ ಕಳ್ಸಿದ್ದು ನನ್ ತಪ್ಪು. ಇಷ್ಟು ಚೆಂದ ಮಾತಾಡೋರು ನಂಗೆ ಗೊತ್ತು ಅಂತ ತೋರುಸ್ಕಳ ಆಸೆ... ಅಷ್ಟೇಯ.”

“ನಾನು ಬೈಯೋಕೆ ಬಂದಿಲ್ಲ.”

“ಮತ್ತೆ?”

“ನಿಮ್ಮ ಮೇಲಿರೋದು ಬರೀ ಹೆದರಿಕೆಯಿಂದ ಹುಟ್ಟಿದ್ದೇನೋ ಅಂತ ಇಷ್ಟು ದಿನ ನಂಬಿರ್ಲಿಲ್ಲ ನಾನು... ನನ್ನನ್ನೇ. ಅದಕ್ಕೇ ಹೆದರೋಕೆ ಏನೂ ಇಲ್ಲದ ಕಡೆ ಬಂದೆ. ಇಲ್ಲೂ ಎದೆ ಹಾಗೇ ಬಡ್ಕೊಳ್ತಿದೆ ದಿಲೀಪ್!”

ಅವನು ಬೆಪ್ಪಾಗಿ ನಿಂತ.

“ಅಂದ್ರೆ... ಈಗ ಭಯ ಇಲ್ವಾ?” ಕೇಳಿದ ಮೆಲ್ಲಗೆ.

ಸಹನ ಒಂದು ಕ್ಷಣ ತನ್ನೊಳಗೇ ನೋಡಿಕೊಂಡಳು. ಇತ್ತು. ಹಿಂದೆಂದೂ ಇಲ್ಲದಷ್ಟು ಭಯವಿತ್ತು! ಭಯದಿಂದ ಪ್ರೀತಿ ಹುಟ್ಟುವುದನ್ನು ಅವಳು ಪುಸ್ತಕದಲ್ಲಿ ಓದಿದ್ದಳು. ಪ್ರೀತಿಯಿಂದ ಭಯ ಹುಟ್ಟುವುದನ್ನು ಯಾರೂ ಅವಳಿಗೆ ಹೇಳಿಕೊಟ್ಟಿರಲಿಲ್ಲ.

“ಇದೆ” ಎಂದಳು. “ತುಂಬಾ ಇದೆ.”

“ಯಾತುಕ್ಕೆ?”

“ನೀವು ಇಲ್ಲ ಅಂದ್ಬಿಟ್ರೆ ಅಂತ.”

ದಿಲೀಪನ ಕಣ್ಣು ಒದ್ದೆಯಾಯಿತು. ಕೈಯನ್ನು ಲುಂಗಿಗೆ ಒರೆಸಿಕೊಂಡು ಮುಂದೆ ಚಾಚಿದ, ಅರ್ಧದಲ್ಲೇ ನಿಲ್ಲಿಸಿದ.

“ಕೈ ಇಡ್ಕಬೋದಾ ಸಹನಾ? ಕೇಳ್ಬುಟ್ಟೇ ಇಡ್ಕತೀನಿ.”

ಅವಳೇ ಹಿಡಿದುಕೊಂಡಳು. ಅವನ ಕೈಯೂ ನಡುಗುತ್ತಿತ್ತು.

“ಅಯ್ಯೋ, ನಿಮಗ್ಯಾಕೆ ನಡುಕ?”

“ನಂಗೂ ಅದೇ ಭಯ ಕಣ್ರೀ. ಮೊದಲ್ನೇ ದಿನ್ದಿಂದ.”