ಕೇಳದೆ ಕೊಯ್ದ ಕಡ್ಡಿ

ಪರಿಮಳದಿಂದಲೇ ಅವಳಿಗೆ ಗೊತ್ತಾಯಿತು.

ಹೂವಿನ ಪ್ರದರ್ಶನದ ಹಾಲ್ ಗಿಜಿಗುಡುತ್ತಿತ್ತು. ಈಗಿನ ಗುಲಾಬಿಗಳಿಗೆ ಬಣ್ಣ ಬಿಟ್ಟರೆ ಮತ್ತೇನಿಲ್ಲ. ಆದರೆ ಒಂದು ಮೂಲೆಯಿಂದ ಲವಂಗ ಬೆರೆತಂಥ ತೆಳುವಾದ ಕಂಪು ತೇಲಿ ಬಂತು... ಅವಳು ಜನರನ್ನು ಸರಿಸಿಕೊಂಡು ಅತ್ತ ನಡೆದಳು.

ಊರಿನ ದೊಡ್ಡ ನರ್ಸರಿಯವರ ಮಳಿಗೆ. ನಟ್ಟನಡುವೆ ಅವಳ ಗುಲಾಬಿ! ಒತ್ತೊತ್ತಾದ ಎಸಳು, ಮಾಸಲು ನಸುಗೆಂಪು, ನಡುವಿನಲ್ಲಿ ಹಸಿರು ಬೊಟ್ಟು. ಕೆಳಗೆ ‘ನಮ್ಮ ಹೊಸ ತಳಿ’ ಎಂಬ ಫಲಕ. ಅದಕ್ಕೆ ಮಾಲೀಕರು ತಮ್ಮ ಮಗಳ ಹೆಸರಿಟ್ಟಿದ್ದರು.

ಫಲಕದ ಪಕ್ಕದಲ್ಲೇ ನಿಂತಿದ್ದವನು ಅವಳ ಪುಟ್ಟ ನರ್ಸರಿಯ ಕಸಿಗಾರ. ಮೊನ್ನೆಯಷ್ಟೇ ಕುಂಡಗಳ ನಡುವೆ ನಿಂತು, ‘ನನ್ನನ್ನ ಮದುವೆ ಆಗ್ತೀಯಾ?’ ಎಂದು ಕೇಳಿದ್ದವನು. ಅವಳು ನಕ್ಕಿದ್ದಳು, ಉತ್ತರ ಇನ್ನೂ ಕೊಟ್ಟಿರಲಿಲ್ಲ.

“ಇದು ಇಲ್ಲಿಗೆ ಹೇಗೆ ಬಂತು?”

“ನಾನೇ ಕೊಟ್ಟೆ.”

“ನನ್ನ ತೋಟದಿಂದ?”

“ಹೂಂ. ಮಾರೋಕಲ್ಲ... ಸ್ವಲ್ಪ ನನ್ನ ಮಾತು ಕೇಳು.”

“ಕಡ್ಡಿ ಕೊಯ್ಯುವಾಗ ನೀನು ನನ್ನನ್ನ ಕೇಳಿದ್ಯಾ?”

ಅವಳು ತಿರುಗಿ ನೋಡದೆ ಹೊರಟುಬಿಟ್ಟಳು.

ಆ ಗಿಡ ಅವಳಿಗೆ ಸಿಕ್ಕಿದ್ದು ಕೆಡವುತ್ತಿದ್ದ ಹಳೇ ರೈಲ್ವೆ ವಸತಿಯ ಗೋಡೆ ಪಕ್ಕದಲ್ಲಿ. ಯಾವ ಕಾಲದ್ದೋ, ಯಾರು ನೆಟ್ಟದ್ದೋ, ಹೆಸರು ಹೇಳುವವರೇ ಇರಲಿಲ್ಲ. ತಂದ ಕಡ್ಡಿಗಳೆಲ್ಲ ಕೊಳೆತು ಒಂದೇ ಒಂದು ಬೇರು ಬಿಟ್ಟಿತ್ತು. ಅದನ್ನು ಕೈಗೂಸಿನ ಹಾಗೆ ಸಾಕಿದ್ದಳು. ಅದರ ಬೀಜದಿಂದ ಎದ್ದ ಸಸಿಗಳಲ್ಲಿ ಯಾವುದನ್ನು ಉಳಿಸೋದು, ಯಾವುದನ್ನು ಕೀಳೋದು ಎಂದು ಇಬ್ಬರಿಗೂ ದಿನಾ ಜಗಳ. ಅವನು ಕಣ್ಣಲ್ಲಿ ಆರಿಸುತ್ತಿದ್ದ, ಅವಳು ಮೂಗಲ್ಲಿ. ತಾಯಿಗಿಡಕ್ಕೆ ಇಬ್ಬರೂ ಸೇರಿ ಹೆಸರಿಡೋಣ, ಅಲ್ಲಿಯವರೆಗೆ ಯಾರಿಗೂ ಕೊಡೋದು ಬೇಡ ಎಂದು ಮಾತಾಗಿತ್ತು.

“ಹೂವು ತಾನೇ ಪುಟ್ಟಿ, ಹೋದರೆ ಹೋಗಲಿ,” ಎಂದರು ಅಮ್ಮ ಅವತ್ತು ಸಂಜೆ, ಕೋಲೂರಿಕೊಂಡು ಬಂದು ಪಕ್ಕದಲ್ಲಿ ಕೂರುತ್ತ. ಅವರ ಕಾಲು ಮುರಿದು ಆಸ್ಪತ್ರೆ ಸೇರಿದ್ದಾಗ ಮಗಳು ಹಗಲಿರುಳು ಅಲ್ಲೇ ಇದ್ದಳು. ತೋಟವನ್ನೆಲ್ಲ ಆಗ ಕಸಿಗಾರನೇ ನೋಡಿಕೊಂಡಿದ್ದ.

“ಹೂವು ಹೋಗಿದ್ದಕ್ಕಲ್ಲಮ್ಮ. ಕಳ್ಳ ಬಾಗಿಲು ಮುರಿದು ಬರ್ತಾನೆ. ಇವನಿಗೆ ಬೀಗದ ಕೈ ನಾನೇ ಕೊಟ್ಟಿದ್ದೆ.” “ಕಡ್ಡಿ ಕೊಯ್ದ ಕೈಯಲ್ಲೇ ನನ್ನ ಕೈ ಕೇಳಿದನಲ್ಲ...”

ಅವನು ಮನೆ ಬಾಗಿಲಿಗೆ ಬಂದ. ಅವಳು ತೆರೆಯಲಿಲ್ಲ. ಮತ್ತೆ ಬಂದ. ಅಮ್ಮನೇ ವಾಪಸ್ ಕಳಿಸಿದರು. ಆಮೇಲೆ ಬರುವುದನ್ನು ನಿಲ್ಲಿಸಿದ. ‘ಬರದೇ ಇದ್ದರೆ ಒಳ್ಳೇದೇ ಆಯ್ತು’ ಎಂದುಕೊಳ್ಳುತ್ತಲೇ ಅವಳು ಗೇಟಿನ ಸದ್ದಿಗೆ ಕಿವಿಗೊಡುತ್ತಿದ್ದಳು.

ಬೇಸಿಗೆಗೆ ಗುಲಾಬಿಯ ಎಲೆ ಹಳದಿಯಾಯಿತು. ಚಿಗುರು ಬಾಡಿತು. ಗೊಬ್ಬರ ಹಾಕಿದಳು, ನೆರಳು ಕಟ್ಟಿದಳು. ಕೊನೆಗೆ ಬುಡ ಕೆದಕಿ ನೋಡಿದರೆ, ಕಾಂಡದ ಬುಡದಿಂದ ಬೇರಿನುದ್ದಕ್ಕೂ ದಪ್ಪ ದಪ್ಪ ಗಂಟುಗಳು. ಇಂದು ನಿನ್ನೆಯ ರೋಗವಲ್ಲ ಅದು. ಗಿಡ ಉಳಿಯುವ ಹಾಗಿರಲಿಲ್ಲ. ಕಿತ್ತು ಸುಟ್ಟಳು.

ಬೂದಿಯ ಮುಂದೆ ಕೂತಾಗ ಒಂದು ಯೋಚನೆ ಚುಚ್ಚಿತು. ಅಮ್ಮ ಆಸ್ಪತ್ರೆಯಲ್ಲಿದ್ದಾಗ ಇದರ ಬುಡ ಅಗೆದು ಮಣ್ಣು ಏರಿಸಿದ್ದು ಅವನೇ ಅಲ್ಲವೇ?

ಅವನು ಈಗ ಉದ್ಯಾನವನದಲ್ಲಿ ದಿನಗೂಲಿಗೆ ಕಸಿ ಕಟ್ಟುತ್ತಿದ್ದ. ಹುಡುಕಿಕೊಂಡು ಬಂದ ಅವಳನ್ನು ಕಂಡು ಚಾಕು ಮಡಚಿ ಎದ್ದು ನಿಂತ.

“ಗಂಟು ನಿನಗೆ ಮೊದಲೇ ಕಂಡಿತ್ತಾ?”

“ಕಂಡಿತ್ತು. ಅಮ್ಮ ಆಸ್ಪತ್ರೆಲಿದ್ದರು. ನೀನು ಊಟನೂ ಬಿಟ್ಟಿದ್ದೆ. ಇದನ್ನ ಹೇಗೆ ಹೇಳಲಿ? ಮೇಲಿನ ಕಡ್ಡಿ ಚೆನ್ನಾಗಿತ್ತು. ನಮ್ಮ ಮಣ್ಣಿನಲ್ಲಿ ರೋಗ ಇದೆ, ಬೇರೆ ಕಡೆ ಒಂದು ಗಿಡವಾದರೂ ಉಳೀಲಿ ಅಂತ ಆ ದೊಡ್ಡ ನರ್ಸರಿಯವರಿಗೆ ಕೊಟ್ಟೆ. ಮಾರಲ್ಲ ಅಂತ ಮಾತು ಕೊಟ್ಟಿದ್ದರು. ಫಲಕ ತೆಗೀರಿ ಅಂತ ಜಗಳ ಮಾಡೋಕೇ ಅವತ್ತು ಅಲ್ಲಿಗೆ ಹೋಗಿದ್ದೆ.”

“ಮದುವೆ ಮಾತಾಡಿದಾಗಲಾದರೂ ಹೇಳಬಹುದಿತ್ತು.”

“ಹೇಳಬೇಕು ಅಂತಲೇ ಬಂದಿದ್ದೆ. ನೀನು ನಕ್ಕೆ... ನಿನ್ನ ನಗು ನೋಡಿ ಎಷ್ಟೋ ದಿನ ಆಗಿತ್ತು. ಬಾಯಿ ಬರಲಿಲ್ಲ. ಅವರು ಮಾತು ತಪ್ಪಿದ್ದು ಆಮೇಲೆ. ಮೊದಲು ತಪ್ಪಿದವನು ನಾನೇ.”

ಅವಳ ಸಿಟ್ಟು ಇಳಿಯಲಿಲ್ಲ, ಬೇರೆ ಕಡೆ ತಿರುಗಿತು.

“ರೋಗ ಬಂದಿದೆ ಅಂದಿದ್ದರೆ ನಾನು ಅಳ್ತಿದ್ದೆ. ಅತ್ತು ಮುಗಿಸಿ ಗುದ್ದಲಿ ಹಿಡೀತಿದ್ದೆ. ನನ್ನನ್ನ ಅಷ್ಟು ಕೈಲಾಗದವಳು ಅಂದ್ಕೊಂಡ್ಯಲ್ಲ, ಕದ್ದಿದ್ದಕ್ಕಿಂತ ಅದೇ ಹೆಚ್ಚು ನೋವು ನನಗೆ.”

ಅವನ ಕಣ್ಣು ತುಂಬಿತು.

“ನಿನ್ನ ಹತ್ತಿರ ಅದರ ಗಿಡ ಇದೆಯಾ?” ಎಂದಳು ಮೆಲ್ಲಗೆ.

“ಒಂದು ಕಡ್ಡಿನೂ ಇಲ್ಲ. ನಿನ್ನನ್ನ ಕೇಳದೆ ಇನ್ನೊಂದು ಸಲ ಮುಟ್ಟೋದಾ?”

ಬಿಟ್ಟು ಹೋಗುವುದು ಸುಲಭವಿತ್ತು. ಆದರೆ ಅವಳ ಮನಸ್ಸು ಅವನನ್ನು ಬಿಟ್ಟೇ ಇರಲಿಲ್ಲ.

“ನಾಳೆ ಆ ನರ್ಸರಿಯಿಂದ ಒಂದು ಗಿಡ ಕೊಂಡು ತಂದು ಹೊಸ ಮಣ್ಣಿನ ಕುಂಡದಲ್ಲಿ ನೆಡೋಣ. ನಮ್ಮ ಹೂವನ್ನ ನಾವೇ ಕೊಂಡುಕೊಳ್ಳೋದು, ಏನು ಮಾಡೋದು. ಅವರು ಏನು ಬೇಕಾದರೂ ಕರೀಲಿ, ನಮ್ಮ ಮನೇಲಿ ಅದಕ್ಕೆ ನಾವಿಟ್ಟಿದ್ದೇ ಹೆಸರು.”

“ನಾವು?”

“ಹೂಂ, ನಾವು. ಅವತ್ತು ನೀನು ಕೇಳಿದ್ದಕ್ಕೂ ಇದೇ ಉತ್ತರ.” ಅವಳು ಕಣ್ಣೊರೆಸಿಕೊಂಡಳು. “ಆದರೆ ಇನ್ನು ಮೇಲೆ ಕೆಟ್ಟ ಸುದ್ದಿ ಯಾವುದಿದ್ದರೂ ಮೊದಲು ನನಗೇ ಹೇಳಬೇಕು.”

ಅವನು ಸ್ವಲ್ಪ ಹಿಂಜರಿದ. “ಹಾಗಾದರೆ ಈಗಲೇ ಒಂದಿದೆ.”

“ಏನು?”

“ತೊಟ್ಟಿ ಪಕ್ಕದ ನಿನ್ನ ಬಿಳಿ ಗುಲಾಬಿ... ಅದರ ಬುಡದಲ್ಲೂ ಆಗಲೇ ಗಂಟು ಕಂಡಿತ್ತು.”

ಅವಳು ಅಲ್ಲೇ ಕಲ್ಲುಬೆಂಚಿನ ಮೇಲೆ ಕುಸಿದು ಅತ್ತಳು. ಅವನು ಸಮಾಧಾನ ಹೇಳದೆ ಪಕ್ಕದಲ್ಲಿ ಕೂತ. ಅವಳೇ ಅವನ ಮಣ್ಣುಗೈ ಎಳೆದು ತನ್ನ ಮಡಿಲಲ್ಲಿಟ್ಟುಕೊಂಡಳು.

“ಆಯ್ತಾ?” ಎಂದ ಕೊನೆಗೆ.

“ಇನ್ನೂ ಸ್ವಲ್ಪ ಇದೆ. ಇರು.”

“ಇರ್ತೀನಿ,” ಎಂದ ಅವನು.