ಎರ್ಮೆಕ್‌ನ ಬಿಗಿಯಾದ ಶೂಗಳು

"ಬೂಟಲ್ಲೇ ಬಂದ್ಯಾ? ಒಳಗೆ ಹಾಕೋ ಶೂ ಎಲ್ಲಿ?" ಕಂಪ್ಯೂಟರ್ ಕೋಣೆಯ ಬಾಗಿಲಲ್ಲೇ ಸಾಯ್ರಾ ಅಕ್ಕ ತಡೆದರು. ಶಾಲೆಯ ಮಕ್ಕಳೆಲ್ಲ ಟೀಚರನ್ನು ಕರೆಯುವುದೇ ಹಾಗೆ.

ಬುರುಲ್ ತನ್ನ ಕೆಸರು ಬೂಟು ನೋಡಿಕೊಂಡಳು. "ಶೂ ಬ್ಯಾಗಲ್ಲಿ ಕುರಿಮರಿ ಇದೆ, ಅಕ್ಕ."

"ಕುರಿಮರೀನಾ?"

"ಬೆಳಿಗ್ಗೆ ಹುಟ್ಟಿದ್ದು. ನಡುಗ್ತಿತ್ತು. ಬ್ಯಾಗ್ ಖಾಲಿ ಮಾಡಿ ಅದರೊಳಗೆ ಕೂರಿಸ್ದೆ. ಶೂ ಮನೇಲಿ ಒಲೆ ಹತ್ರಾನೇ ಉಳೀತು."

"ಅದಕ್ಕೇ ಈ ವಾಸನೆ," ಎಂದ ಹಿಂದೆ ನಿಂತಿದ್ದ ಎರ್ಮೆಕ್. "ಕುರೀನೇ ಗೇಮ್ ಆಡೋಕೆ ಬಂತು ಅಂದ್ಕೊಂಡೆ."

ಎದುರುತ್ತರ ಕೊಡಲು ಬುರುಲ್‌ಗೆ ತ್ರಾಣವಿರಲಿಲ್ಲ. ಕುರಿಗಳು ಈಯುವ ಕಾಲ. ವಾರವಿಡೀ ಅವಳಿಗೆ ಸರಿಯಾದ ನಿದ್ದೆಯಿಲ್ಲ. ಶುಕ್ರವಾರದ ಈ ಬಿಡುವಿನಲ್ಲಿ ಕಾರ್ ರೇಸ್ ಆಡಬಹುದು ಎಂಬುದೊಂದೇ ಆಸೆಯಾಗಿತ್ತು.

"ಕೆಸರು ಒರೆಸೋಳು ನಾನು. ಬರೀ ಕಾಲಲ್ಲೂ ಬೇಡ, ನೆಲ ಕೊರೀತಿದೆ," ಎಂದರು ಸಾಯ್ರಾ ಅಕ್ಕ. "ಖಾಲಿ ಇರೋದು ಒಂದೇ ಕಂಪ್ಯೂಟರ್. ಎರ್ಮೆಕ್, ನೀನು ಹೋಗು."

ಬುರುಲ್ ಗೋಡೆಗೆ ಒರಗಿದಳು. ಅಳುವುದಕ್ಕೂ ಆಯಾಸ.

ಎರ್ಮೆಕ್ ಒಳಗೆ ಹೋಗಲಿಲ್ಲ. ಬಗ್ಗಿ ಲೇಸು ಬಿಚ್ಚಿದ. "ತಗೋ. ನಂಗೆ ಬಿಗಿ. ಬೆಳಿಗ್ಗೆಯಿಂದ ಕಾಲು ನೋಯ್ತಿದೆ."

"ನೀನು?"

"ನಾನೇನು ಕುರಿಮರೀನಾ, ನಡುಗೋಕೆ?"

ಸಾಯ್ರಾ ಅಕ್ಕ ಪಕ್ಕಕ್ಕೆ ಸರಿದು ದಾರಿ ಬಿಟ್ಟರು.

ಪರದೆಯ ಮೇಲೆ ಬುರುಲ್‌ಳ ಕೆಂಪು ಕಾರು ಬೆಟ್ಟ ಹತ್ತತೊಡಗಿತು. ಮೇಜಿನ ಕೆಳಗೆ ಅವಳು ಕಾಲಾಡಿಸಿದಳು. ಶೂ ಜಾರಿ ಟಪ್ಪನೆ ನೆಲಕ್ಕೆ ಬಿತ್ತು. ಎತ್ತಿಕೊಂಡು ನೋಡಿದರೆ, ತುದಿಯಲ್ಲಿ ಬಟ್ಟೆ ತುರುಕಲಾಗಿತ್ತು. ಎರ್ಮೆಕ್‌ನ ಅಣ್ಣನ ಶೂ ಇರಬೇಕು.

ಅವಳು ಬಾಗಿಲ ಗಾಜಿನತ್ತ ತಿರುಗಿದಳು. ಹೊರಗೆ ಎರ್ಮೆಕ್ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಂತಿದ್ದ. ಸ್ವಲ್ಪ ಹೊತ್ತಿಗೆ ಮೇಲಿನ ಪಾದ ಕೆಳಗಾಯಿತು.

ಕಾರನ್ನು ಬೆಟ್ಟದ ಅರ್ಧದಲ್ಲೇ ನಿಲ್ಲಿಸಿ ಬುರುಲ್ ಹೊರಗೆ ಬಂದಳು.

"ಆಗಲೇ ಸೋತ್ಯಾ?"

"ನಿದ್ದೆ ಬರ್ತಿದೆ. ಮಿಕ್ಕಿದ್ದು ನೀನು ಆಡು. ಮುಂದಿನ ತಿರುವಲ್ಲಿ ಬ್ರೇಕ್ ಹಾಕು, ಇಲ್ಲಾಂದ್ರೆ ಹಳ್ಳಕ್ಕೆ ಬೀಳ್ತೀಯ."

ಅವಳು ಕಳಚಿಕೊಟ್ಟ ಶೂಗಳನ್ನು ಎರ್ಮೆಕ್ ಅವಸರವಾಗಿ ಹಾಕಿಕೊಂಡ.

"ಇನ್ನೂ ಬಿಗೀನಾ?" ಎಂದು ಕೇಳಿದಳು ಬುರುಲ್.

"ತುಂಬಾ," ಎಂದ ಅವನು, ತಲೆ ಎತ್ತದೆ ಲೇಸು ಕಟ್ಟುತ್ತಾ.

ಬುರುಲ್ ಹೌದೆನ್ನುವಂತೆ ತಲೆಯಾಡಿಸಿದಳು.